ಕಂದಾಯ ಬಂದರೆ ಸಂಬಳ

ಮುನಿಸಿಪಾಲಿಟಿ ಬಿಲ್ ಕಲೆಕ್ಟರ್ ಆದವನನ್ನು ನಗಿಸಲು ಯಾರೂ ಕಷ್ಟಪಡಬೇಕಾಗಿಲ್ಲ. ಬೆಳಿಗ್ಗೆ ರಸೀದಿ ಪುಸ್ತಕ ಕಂಕುಳಲ್ಲಿಟ್ಟು ಹೊರಟರೆ ಸಾಕು, ಯಾವುದಾದರೊಂದು ಮನೆಯಲ್ಲಿ ಏನಾದರೊಂದು ಕಾದೇ ಇರುತ್ತದೆ. ನಗುವಷ್ಟು ತ್ರಾಣ ಮಾತ್ರ ಇರುವುದಿಲ್ಲ.

ಇದು ಒಂದೇ ಮಾರ್ಚಿ ತಿಂಗಳಲ್ಲಿ ನಡೆದದ್ದು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮೊದಲಾದರೆ ಗ್ರಾಂಟು ಬೇಕಿದ್ದಾಗ ನಮ್ಮವರು ಮಡಿಕೇರಿಗೆ ಹೋಗಿ ಸರ್ಕಾರಿ ಕಚೇರಿಯ ಜಗಲಿಯಲ್ಲಿ ಕೂರುತ್ತಿದ್ದರು. ಈಗ ಬೆಂಗಳೂರಿಗೆ ಬರೆಯಬೇಕು. ಅಲ್ಲಿಂದ ದುಡ್ಡಿನ ಬದಲು ಫಾರಂ ಬರುತ್ತಿತ್ತು. ಮೂರು ತಿಂಗಳಿಂದ ನಮಗೆ ಸಂಬಳವಿಲ್ಲ. ಹಾಸನದ ಕಡೆಯಿಂದ ಬಂದ ಹೊಸ ಮುಖ್ಯಾಧಿಕಾರಿ ಒಂದೇ ಮಾತು ಹೇಳಿದರು: "ಕಂದಾಯ ಬಂದರೆ ಸಂಬಳ." ಅಂಗಡಿಯವನು ಸಾಲ ನಿಲ್ಲಿಸಿದ್ದ. "ಇವತ್ತು ನಿಮ್ಮ ರಸೀದಿ ಪುಸ್ತಕವನ್ನೇ ಬೇಯಿಸಲಾ?" ಅಂತ ಹೆಂಡತಿ ಕೇಳಿದಳು.

೧. ಯಾರದೋ ನಾಯಿ

ಆಗ ನಾಯಿಗೂ ತೆರಿಗೆಯಿತ್ತು. ನನ್ನ ಸೈಕಲ್ ಬೆಲ್ ಕೇಳಿದ್ದೇ ತಡ, ಊರಿನ ನಾಯಿಗಳೆಲ್ಲ ಅನಾಥವಾಗಿಬಿಡುತ್ತಿದ್ದವು. ನಿವೃತ್ತ ಮಿಲಿಟರಿಯವರೊಬ್ಬರ ಜಗಲಿಯಲ್ಲಿ ಕರುವಿನಷ್ಟು ದೊಡ್ಡ ನಾಯಿ ಮಲಗಿತ್ತು.

"ನಮ್ಮದಲ್ಲಪ್ಪ. ಯಾರದೋ ಏನೋ, ಬಂದು ಮಲಗುತ್ತೆ" ಅಂದರು.

ನಾನು ಪುಸ್ತಕ ತೆರೆದೆ. ಅದು ಎದ್ದು ಬಂದು ನನ್ನ ಪ್ಯಾಂಟು ಹಿಡಿಯಿತು. ಇದ್ದದ್ದೇ ಎರಡು ಪ್ಯಾಂಟು! "ಅಯ್ಯಯ್ಯೋ, ಬಿಡಿಸಿ ಸ್ವಾಮಿ!" ಎಂದು ಕೂಗಿದೆ.

"ರಾಜಾ, ಬಿಡು!" ಅಂತ ಗದರಿದರು. ತಕ್ಷಣ ಬಿಟ್ಟು ಅವರ ಕಾಲ ಬಳಿ ಕೂತಿತು. ನಾನು ರಸೀದಿಯಲ್ಲಿ 'ರಾಜಾ' ಅಂತ ಬರೆಯತೊಡಗಿದೆ.

"ಅದೇನು ಬರೀತೀರಿ? ಮಿಲಿಟರಿಯಲ್ಲಿದ್ದವನು ನಾನು. ನಾನು ಗದರಿದರೆ ಯಾರ ನಾಯಿಯಾದರೂ ಕೂರುತ್ತೆ" ಅಂದರು.

ನಿಜ ಹೇಳಬೇಕೆಂದರೆ, ಅವರು ಗದರಿದಾಗ ನಾನೂ ಕೂತಿದ್ದೆ.

೨. ಹೊಳೆಯಲ್ಲಿ ಗುತ್ತಿಗೆದಾರ

ಸೇತುವೆಯ ಗಾಡಿ ಸುಂಕವನ್ನು ಹರಾಜಿನಲ್ಲಿ ಹಿಡಿದಿದ್ದ ಗುತ್ತಿಗೆದಾರ ಕೊನೆಯ ಕಂತು ಕಟ್ಟಿರಲಿಲ್ಲ. ಹೋಗಿ ನೋಡಿದರೆ ಸುಂಕದ ಗೇಟಿನಲ್ಲಿ ನರಪಿಳ್ಳೆಯಿಲ್ಲ. ಆಸಾಮಿ ಕೆಳಗೆ ಹೊಳೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ಬಿದಿರಿನ ಗಳ ಅಡ್ಡ ಹಿಡಿದು ನಿಂತಿದ್ದ. ಬೇಸಿಗೆಗೆ ನೀರು ಇಳಿದಿತ್ತು. ಗಾಡಿಗಳೆಲ್ಲ ಸೇತುವೆ ಬಿಟ್ಟು ಹೊಳೆಯಲ್ಲೇ ದಾಟುತ್ತಿದ್ದವು.

"ಸೇತುವೆಗೆ ಸುಂಕ ಸರಿ ಅಣ್ಣಾ, ಹೊಳೆ ಯಾವಾಗಿಂದ ಮುನಿಸಿಪಾಲಿಟೀದು?" ಎನ್ನುತ್ತ ಗಾಡಿಯವನೊಬ್ಬ ಎತ್ತು ಹೊಡೆದುಕೊಂಡು ಹೋದ. ಗಾಡಿ ಯಾರದೆಂದು ನೋಡಿದೆ. ಸುಂಕ ಹಾಕಬೇಕೆಂದು ಸಭೆಯಲ್ಲಿ ಮೇಜು ಗುದ್ದಿದ ಮೆಂಬರರದ್ದು!

"ಕಂತು?" ಅಂದೆ.

"ಮಳೆ ಬರಲಿ ಅಂತ ಕಾವೇರಮ್ಮನಿಗೆ ಹರಕೆ ಹೊತ್ತಿದ್ದೀನಿ. ಕಂತು ಬೇಕಿದ್ದರೆ ನೀವೂ ಒಂದು ಹೊತ್ಕೊಳ್ಳಿ" ಅಂದ.

ಹೊತ್ತುಕೊಂಡೆ. ಮನೆಯಲ್ಲಿ ಅಕ್ಕಿ ಇರಲಿಲ್ಲ.

೩. ಜಪ್ತಿ

ತಿಂಗಳ ಕೊನೆಗೆ ಮುಖ್ಯಾಧಿಕಾರಿಗಳಿಗೆ ರೇಗಿತು. "ಅತಿ ದೊಡ್ಡ ಬಾಕಿದಾರನ ಕಟ್ಟಡಕ್ಕೆ ನುಗ್ಗಿ. ಒಳಗೆ ಸಿಕ್ಕಿದ ಸಾಮಾನು ಯಾರದೇ ಇರಲಿ, ಜಪ್ತಿ ಮಾಡಿ. ಕಾಯ್ದೆಯಲ್ಲೇ ಇದೆ" ಎಂದು ಓದಿಯೂ ತೋರಿಸಿದರು.

"ಸರ್, ಆ ಕಟ್ಟಡದಲ್ಲಿ ಇರೋದು ನಾವೇ" ಅಂದೆ.

ನಮ್ಮ ಆಫೀಸು ಬಾಡಿಗೆ ಕಟ್ಟಡದಲ್ಲಿತ್ತು. ಮಾಲೀಕರು ಕಾಫಿ ಎಸ್ಟೇಟಿನ ಧಣಿ. ಎರಡು ವರ್ಷದಿಂದ ನಾವು ಬಾಡಿಗೆ ಕೊಟ್ಟಿರಲಿಲ್ಲ. "ಬಾಡಿಗೆ ಬರೋತನಕ ಕಂದಾಯ ಕಟ್ಟಿದರೆ ಕೇಳಿ" ಎಂದು ಅವರು ಊರ ಮುಂದೆ ಆಣೆ ಹಾಕಿದ್ದರು. ನಾವು ಕೊಡಬೇಕಾದ ಬಾಡಿಗೆಯಲ್ಲಿ ಅವರ ಕಂದಾಯವನ್ನು ವಜಾ ಮಾಡಿಕೊಳ್ಳೋಣವೆಂದರೆ ಮುಖ್ಯಾಧಿಕಾರಿ ಸಾಹೇಬರು ಒಪ್ಪಲಿಲ್ಲ. ಬಾಡಿಗೆ ಬೇರೆ ಲೆಕ್ಕ, ಕಂದಾಯ ಬೇರೆ ಲೆಕ್ಕವಂತೆ.

ಸಾಹೇಬರು ಕಾಯ್ದೆಯ ಆ ಪುಟವನ್ನು ಇನ್ನೊಮ್ಮೆ ಓದಿದರು. ಆಮೇಲೆ, "ಕಾಯ್ದೆ ಅಂದರೆ ಕಾಯ್ದೆ" ಎಂದು ಕುರ್ಚಿಯಿಂದ ಎದ್ದರು. ನಾನು, ಜವಾನ ಸೇರಿ ಆ ಕುರ್ಚಿ, ಮೇಜು, ಎರಡು ಬೆಂಚು ಅಂಗಳಕ್ಕೆ ಹೊತ್ತು ತಂದೆವು. ತಮಟೆ ಹೊಡೆಸಿ ಹರಾಜು ಕೂಗಿದೆವು. ಜನ ಸೇರಿದರು, ನಕ್ಕರು. ಒಬ್ಬನೂ ಸವಾಲು ಕೂಗಲಿಲ್ಲ. ಈ ತಿಂಗಳೂ ಸಂಬಳ ಹೋಯಿತು ಅಂದುಕೊಂಡೆ.

ಆಗ ಧಣಿಗಳೇ ಬಂದು, ತಮ್ಮ ಕಂದಾಯದ ಬಾಕಿ ಎಷ್ಟಿತ್ತೋ ಅಷ್ಟಕ್ಕೇ ಎಲ್ಲ ಸಾಮಾನನ್ನೂ ಕೂಗಿ ದುಡ್ಡು ಎಣಿಸಿದರು.

"ಆಣೆ ಹಾಕಿದ್ದಿರಲ್ಲ ಧಣಿ?" ಅಂದೆ.

"ಕಂದಾಯ ಎಲ್ಲಿ ಕಟ್ಟಿದೆ? ಕುರ್ಚಿ ಕೊಂಡೆ. ಅದು ಇಲ್ಲೇ ಇರಲಿ. ಸಾಹೇಬರು ಕೂರೋದಾದರೆ ಕುರ್ಚಿಗೆ ಬೇರೆ ಬಾಡಿಗೆ."

ಅವತ್ತೇ ನಮಗೆಲ್ಲ ಒಂದು ತಿಂಗಳ ಸಂಬಳವಾಯಿತು. ಕುರ್ಚಿಗೆ ಬಾಡಿಗೆ ಕೊಡಲು ಒಪ್ಪದ ಸಾಹೇಬರು ನಿಂತುಕೊಂಡೇ ಬಟವಾಡೆ ಮಾಡಿದರು. ನೋಟು ಜೇಬಿಗಿಟ್ಟುಕೊಂಡು ಮೆಲ್ಲಗೆ ಕೇಳಿದೆ:

"ಉಳಿದ ಎರಡು ತಿಂಗಳದ್ದು, ಸರ್?"

ಸಾಹೇಬರು ಖಾಲಿ ಕೋಣೆಯನ್ನು ಒಂದು ಸುತ್ತು ನೋಡಿದರು. ಕೊನೆಗೆ ಗೋಡೆಯ ಕಡೆ ಕತ್ತೆತ್ತಿ ಕೇಳಿದರು:

"ಆ ಗಡಿಯಾರಕ್ಕೆ ಎಷ್ಟು ಬಂದೀತು ಅಂತೀರಿ?"