ಇಂಜಿನ್ನಿನ ಹೊಟ್ಟೆಯೊಳಗೆ ಒಂದು ಕನ್ನಡಿ

ಯಾವ ವಸ್ತು ಕೆಟ್ಟರೂ ಅದನ್ನು ಬದಲಾಯಿಸುವ ಮೊದಲು ಅದು ಏಕೆ ಕೆಟ್ಟಿತೆಂದು ತಿಳಿದುಕೊಳ್ಳಬೇಕು. ಇದು ನನ್ನ ಜೀವನದ ಸಿದ್ಧಾಂತ. ಈ ಸಿದ್ಧಾಂತಕ್ಕಾಗಿ ನಮ್ಮ ಮನೆಯ ಇಸ್ತ್ರಿಪೆಟ್ಟಿಗೆ, ಗೋಡೆ ಗಡಿಯಾರ ಮತ್ತು ಕರೆಗಂಟೆ ಈಗಾಗಲೇ ವೀರಮರಣವನ್ನಪ್ಪಿವೆ. ಆದರೂ ನಮ್ಮ ಮುದಿ ಕಾರಿನ ಇಂಜಿನ್ನು ಕೆಮ್ಮಿ, ಕರಕರ ಎಂದು, ಹೊಗೆಯುಗುಳಿ ನಿಂತ ದಿನ ನಾನು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿಯೇ ಬಿಟ್ಟೆ. ಈ ಕಾಯಿಲೆಯ ಮೂಲ ಪತ್ತೆಯಾಗುವವರೆಗೆ ಕಾರಿನ ಒಂದು ನಟ್ಟನ್ನೂ ಬದಲಾಯಿಸಲು ಬಿಡುವುದಿಲ್ಲ!

ಹೆಂಡತಿ ತಟ್ಟೆಯಿಂದ ತಲೆಯೆತ್ತಲಿಲ್ಲ. "ರೀ, ನಿಮಗೆ ಕಾರು ಬೇಕಾ, ಕಾರಣ ಬೇಕಾ?"

"ಎರಡೂ" ಎಂದೆ, ಎದೆಯುಬ್ಬಿಸಿ.

ಅವಳ ಆತಂಕ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮ ಜೊತೆಗೇ ಇರುವ ಅತ್ತೆ, ಅಂದರೆ ಅವಳ ಅಮ್ಮ, ನಿವೃತ್ತ ವಿಜ್ಞಾನದ ಟೀಚರು. ಪಕ್ಕದ ಪಟ್ಟಣದಲ್ಲಿ ಅವರು ಪಾಠ ಹೇಳಿದ ಶಾಲೆಯಲ್ಲಿ ಭಾನುವಾರ ಮಕ್ಕಳ ವಿಜ್ಞಾನ ಪ್ರದರ್ಶನ. ಅತ್ತೆಯೇ ಮುಖ್ಯ ಅತಿಥಿ! ನಿವೃತ್ತಿಯಾದ ಮೇಲೆ ಆ ಶಾಲೆ ಅವರನ್ನು ನೆನೆಸಿಕೊಂಡಿದ್ದು ಅದೇ ಮೊದಲು. 'ಕುತೂಹಲ' ಎಂಬ ವಿಷಯದ ಮೇಲೆ ಅವರು ಬಚ್ಚಲಲ್ಲಿ, ಹಿತ್ತಲಲ್ಲಿ, ಫ್ರಿಜ್ಜಿನ ಮುಂದೆ ನಿಂತು ಭಾಷಣ ಅಭ್ಯಾಸ ಮಾಡುತ್ತಿದ್ದರು. ಭಾನುವಾರ ಆ ಕಡೆಗೆ ಬಸ್ಸಿಲ್ಲ. ಕಾರು ಓಡಲೇಬೇಕಿತ್ತು.

ಮೆಕ್ಯಾನಿಕ್ಕನ್ನು ಕರೆಸಿದೆವು. ನಮ್ಮ ಬೀದಿಯವರು ಈತನಿಗೆ ಇಟ್ಟಿರುವ ಹೆಸರು 'ಬದಲಾಯ್ಸಿ'. ಟೈರಿನಲ್ಲಿ ಗಾಳಿ ಕಡಿಮೆಯಾಗಿದೆ ಎಂದು ಹೋದವರಿಗೂ ಆತ ಮೊದಲು ಹೇಳುವ ಮಾತು ಅದೇ. ಬಾನೆಟ್ ಎತ್ತಿ, ಸ್ಟಾರ್ಟ್ ಮಾಡಿಸಿ, ಒಂದು ಕಿವಿಯಿಂದ ಕೇಳಿ, ಇನ್ನೊಂದು ಕಿವಿಗೆ ಕೆಲಸವನ್ನೇ ಕೊಡದೆ ತೀರ್ಪು ಕೊಟ್ಟ. ತನ್ನ ಗ್ಯಾರೇಜಿನಲ್ಲಿ ಇದೇ ಮಾದರಿಯ ಇನ್ನೊಂದು ಇಂಜಿನ್ ಇದೆಯಂತೆ. ನಾಳೆ ಸಂಜೆಯೊಳಗೆ ಹೂಂ ಅಂದರೆ ಭಾನುವಾರಕ್ಕೆ ಕೂರಿಸಿಕೊಡುತ್ತಾನಂತೆ. ಹಳೆಯದನ್ನೇ ರಿಪೇರಿ ಮಾಡಬೇಕೆಂದರೆ ಪೂರ್ತಿ ಬಿಚ್ಚಬೇಕು. ಬಿಚ್ಚಿದರೆ ಭಾನುವಾರವನ್ನು ಮರೆತುಬಿಡಬೇಕು.

"ಅದೆಲ್ಲ ಸರಿ, ಇದಕ್ಕೆ ಆಗಿರೋದಾದ್ರೂ ಏನು?" ಎಂದು ಕೇಳಿದೆ.

"ಏನೋ ಆಗಿದೆ ಸಾರ್."

ಏನೋ! ಆ ಒಂದು ಮಾತು ನನ್ನ ತಲೆಗೆ ಹುಳು ಬಿಟ್ಟಿತು. ಊಟ ರುಚಿಸಲಿಲ್ಲ, ಪೇಪರ್ ಓದಲಾಗಲಿಲ್ಲ. ಕವಾಟವೋ, ಪಿಸ್ಟನ್ನೋ, ಇನ್ನಾವುದೋ? ಒಂದೇ ಒಂದು ಸಲ ಒಳಗೆ ಇಣುಕಿ ನೋಡಿದರೆ ಸಾಕಿತ್ತು.

ಇಣುಕುವ ಸಾಧನ ಮನೆಯಲ್ಲೇ ಇತ್ತು. ನನ್ನ ಹೆಂಡತಿ ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುತ್ತಾಳೆ. ಹಿಂದಿನ ಕೋಣೆಯೇ ಅವಳ ಕಾರ್ಖಾನೆ. ಮರುದಿನ ಅವಳು ಯಾರದೋ ಮೇಲ್ದವಡೆಯನ್ನು ಡಬ್ಬಿಯಲ್ಲಿಟ್ಟುಕೊಂಡು ಕ್ಲಿನಿಕ್ಕಿಗೆ ಹೊರಟದ್ದೇ ತಡ, ನಾನು ಒಳಗೆ ನುಗ್ಗಿ ಬಾಯೊಳಗೆ ಹಾಕಿ ನೋಡುವ ಉದ್ದ ಹಿಡಿಯ ಕನ್ನಡಿಗಳಲ್ಲಿ ಎಲ್ಲಕ್ಕಿಂತ ಪುಟ್ಟದನ್ನು ಆರಿಸಿಕೊಂಡೆ. ಕಾರಿನ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಆ ತೂತಿಗೂ ಕನ್ನಡಿಗೂ ಹೇಳಿ ಮಾಡಿಸಿದ ಹಾಗಿತ್ತು. ಸ್ವಲ್ಪ ಒತ್ತಬೇಕಾಯಿತು, ಅಷ್ಟೆ.

"ಏನು ನಡೀತಿದೆ ಇಲ್ಲಿ?"

ಬೆನ್ನ ಹಿಂದೆ ಅತ್ತೆ! ಅಳಿಯ ತಮ್ಮ ಭಾನುವಾರಕ್ಕೆ ಕಲ್ಲು ಹಾಕುತ್ತಿದ್ದಾನೆಂದು ರೇಗುತ್ತಾರೆ ಎಂದುಕೊಂಡು, ಬಡಬಡ ವಿಷಯ ಒದರಿದೆ. ಅತ್ತೆಯ ಕಣ್ಣು ಮಿಂಚಿತು. ಒಳಗೆ ಹೋದವರು ಟಾರ್ಚು ಹಿಡಿದು ಬಂದರು. ಅವರು ಬೆಳಕು ಬಿಟ್ಟರು, ನಾನು ಇಣುಕಿದೆ. ಕಗ್ಗತ್ತಲ ನಡುವಿನಿಂದ ಒಂದು ಕೆಂಪು ಕಣ್ಣು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ಬೆಚ್ಚಿಬಿದ್ದೆ. ನೋಡಿದರೆ ನನ್ನದೇ ಕಣ್ಣು.

"ಎಡಕ್ಕೆ ತಿರುಗಿಸಿ ಅಳಿಯಂದಿರೇ. ಇನ್ನೂ ಎಡಕ್ಕೆ" ಎಂದರು ಅತ್ತೆ. ತಿರುಗಿಸಿದೆ. ಆ ಕನ್ನಡಿಯನ್ನು ಹಿಡಿಗೆ ತಿರುಪಿನಿಂದ ಕೂರಿಸಿರುತ್ತಾರೆಂಬ ಸತ್ಯ ಆಗ ಗೊತ್ತಾಯಿತು. ಒಳಗಿನಿಂದ 'ಟಿಣ್' ಎಂಬ ಸದ್ದು ಬಂತು. ನನ್ನ ಕೈಯಲ್ಲಿ ಬರೀ ಹಿಡಿ ಉಳಿದಿತ್ತು.

ಹೆಂಡತಿ ಬರುವುದರೊಳಗೆ ಕನ್ನಡಿ ಹೊರಗೆ ಬರಬೇಕಿತ್ತು. ಹಲ್ಲಿನ ಅಚ್ಚು ತೆಗೆಯುವ ಪೇಸ್ಟನ್ನು ತಂತಿಗೆ ಮೆತ್ತಿ ಒಳಗೆ ಬಿಟ್ಟರೆ ಕನ್ನಡಿಗೆ ಅಂಟಿಕೊಂಡು ಗಟ್ಟಿಯಾಗುತ್ತದೆ, ಆಮೇಲೆ ಮೀನು ಹಿಡಿದಂತೆ ಎಳೆದುಕೊಳ್ಳಬಹುದು ಎಂಬ ಮಹಾ ಯೋಜನೆ ಅತ್ತೆಯದು. ದಯವಿಟ್ಟು ಈ ಮಾತನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ಮುಂದೆ ಯಾರೂ ಇದನ್ನು ಹೇಳುವುದಿಲ್ಲ. ಪೇಸ್ಟು ಚೆನ್ನಾಗಿಯೇ ಗಟ್ಟಿಯಾಯಿತು. ಎಳೆದಾಗ ತಂತಿ ಮಾತ್ರ ಬಂತು.

ಇನ್ನು ಉಳಿದದ್ದು ಭೌತಶಾಸ್ತ್ರ. ಪಿಸ್ಟನ್ ಮೇಲೆ ಬಂದರೆ ಗಾಳಿಯ ಒತ್ತಡಕ್ಕೆ ಎಲ್ಲವೂ ತೂತಿನಿಂದ ಹಾರಿ ಬರಬೇಕು ಎಂದು ಇಬ್ಬರೂ ಒಮ್ಮತದಿಂದ ತೀರ್ಮಾನಿಸಿದೆವು. ಅತ್ತೆ ಡ್ರೈವರ್ ಸೀಟಿನಲ್ಲಿ ಕೂತು ಕೀ ತಿರುಗಿಸಿದರು. ನಾನು ಹಾರಿ ಬರುವ ಕನ್ನಡಿ ಹಿಡಿಯಲು ಟವೆಲ್ ಚಾಚಿ ನಿಂತೆ. ಕಾರು ಒಮ್ಮೆ ಕಟಕಟನೆ ಹಲ್ಲು ಕಡಿಯಿತು. ಆಮೇಲೆ ಶಾಶ್ವತವಾಗಿ ಮೌನ ತಾಳಿತು.

ಗೇಟಿನಲ್ಲಿ ಹೆಂಡತಿ ನಿಂತಿದ್ದಳು. ಕನ್ನಡಿಯೆಲ್ಲಿ ಎಂದು ಕೇಳಿದಳು. ನಾನು ಕಾರನ್ನು ನೋಡಿದೆ. ಪೇಸ್ಟೆಲ್ಲಿ ಎಂದಳು. ಮತ್ತೆ ಕಾರನ್ನೇ ನೋಡಿದೆ. ಕೊನೆಗೆ ಅವಳ ದೃಷ್ಟಿ ಡ್ರೈವರ್ ಸೀಟಿಗೆ ಹೋಯಿತು.

"ಅಮ್ಮಾ, ನೀನೂನಾ?"

ಅತ್ತೆ ಮೆಲ್ಲಗೆ ಇಳಿದರು. ಆಗಷ್ಟೇ ಅವರಿಗೆ ಭಾನುವಾರ ನೆನಪಾಯಿತೆಂದು ಕಾಣುತ್ತದೆ. ಮುಖ ಇಷ್ಟಗಲವಿದ್ದದ್ದು ಇಷ್ಟೇ ಇಷ್ಟಾಯಿತು. "ಹೋಗ್ಲಿ ಬಿಡು. ಭಾಷಣ ಏನು ಮಹಾ" ಎಂದು ಟಾರ್ಚು ಆರಿಸಿ ಒಳಗೆ ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು. ನನಗೆ ನಿಜವಾಗಿಯೂ ಸಂಕಟವಾಯಿತು.

ಆ ಸಂಜೆ ಬದಲಾಯ್ಸಿ ತನ್ನ ಲಾರಿ ತಂದು ಕಾರನ್ನು ಗ್ಯಾರೇಜಿಗೆ ಎಳೆದುಕೊಂಡು ಹೋದ. ಇಂಜಿನ್ ಬದಲಾಯಿಸು ಎಂದೆ, ಬೇಷರತ್ತಾಗಿ. ಆದರೆ ಬದಲಾಯಿಸುವ ಮೊದಲು ಒಂದೇ ಒಂದು ಸಲ ಹಳೆಯದನ್ನು ಬಿಚ್ಚಿ ತೋರಿಸು ಎಂದು ಕೈಮುಗಿದೆ. ನನ್ನ ಕಾಟ ತಾಳಲಾರದೆ, ಕೈಲಿದ್ದ ಕೆಲಸ ಬಿಟ್ಟು ಶನಿವಾರವಿಡೀ ಅದನ್ನೇ ಬಿಚ್ಚಿದ. ಒಳಗೆ ಕನ್ನಡಿಯ ಚೂರು, ಗುಲಾಬಿ ಬಣ್ಣದ ಪೇಸ್ಟು, ಸಿಲಿಂಡರಿನ ಗೋಡೆಯ ತುಂಬ ಗೀರು.

"ಹಾಗಾದ್ರೆ ಮೊದ್ಲು ಆಗಿದ್ದೇನು?" ಎಂದೆ, ಇನ್ನೂ ಆಸೆ ಬಿಡದೆ.

"ಹೇಗೆ ಹೇಳ್ಲಿ ಸಾರ್? ಅದರ ಗಾಯ ಯಾವುದು, ನೀವು ಮಾಡಿದ ಗಾಯ ಯಾವುದು ಅಂತ ಗೊತ್ತಾಗ್ಬೇಕಲ್ಲ?"

ಬಿಚ್ಚುವುದರಲ್ಲಿ ದಿನ ಕಳೆದು, ಹೊಸದನ್ನು ಕೂರಿಸಲು ಸಮಯ ಉಳಿಯಲಿಲ್ಲ. ನನ್ನ ಹೆಂಡತಿ ಆತನ ಜೊತೆ ಏನು ಮಾತಾಡಿದಳೋ, ಭಾನುವಾರ ಬೆಳಿಗ್ಗೆ ಕೆಟ್ಟ ಗಾಡಿ ಎಳೆಯುವ ಅದೇ ಲಾರಿ ಮನೆ ಮುಂದೆ ಬಂದು ನಿಂತಿತು. ಅತ್ತೆ ಮುಂದಿನ ಸೀಟಿನಲ್ಲಿ ಮಹಾರಾಣಿಯಂತೆ ಕೂತರು. ಹೆಂಡತಿ ಪಕ್ಕದಲ್ಲಿ. ನಾನು ಅವರ ಕಾಲಿನ ಹತ್ತಿರ, ಜಾಕಿನ ಮೇಲೆ. ದಾರಿಯುದ್ದಕ್ಕೂ ಬದಲಾಯ್ಸಿ ನನ್ನನ್ನೂ ಆಗಾಗ ಇಂಜಿನ್ನನ್ನು ಪರೀಕ್ಷಿಸುವಂತೆ ನೋಡಿ ಹೆಂಡತಿಗೆ ಏನೋ ಸಲಹೆ ಕೊಡಲು ಬಾಯಿ ತೆರೆಯುತ್ತಿದ್ದ.

ಅತ್ತೆ ಅಂದು ಅಭ್ಯಾಸ ಮಾಡಿದ್ದ ಭಾಷಣ ಮಾಡಲೇ ಇಲ್ಲ! ವೇದಿಕೆಯೇರಿ ಈ ಕಥೆಯನ್ನೇ ಹೇಳಿದರು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಕನ್ನಡಿ ಬೀಳಿಸಿದ್ದು ಅಳಿಯಂದಿರು, ಪೇಸ್ಟು ತುಂಬಿದ್ದು ಅಳಿಯಂದಿರು, ಕೀ ತಿರುಗಿಸಿದ್ದೂ ಅಳಿಯಂದಿರು! ಟಾರ್ಚು ಹಿಡಿದವರ ಸುದ್ದಿಯೇ ಇಲ್ಲ. ಆದರೂ ಅವರ ಮುಖದ ಕಳೆ ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ ನಾನೂ ಚಪ್ಪಾಳೆ ತಟ್ಟಿದೆ.

ಭಾಷಣ ಮುಗಿಯುತ್ತಿದ್ದಂತೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಮಿಸ್, ಮತ್ತೆ ಇಂಜಿನ್‌ಗೆ ಮೊದ್ಲು ಏನಾಗಿತ್ತು?"

"ಒಳ್ಳೇ ಪ್ರಶ್ನೆ" ಎಂದು ಅತ್ತೆ ನನ್ನ ಕಡೆ ತಿರುಗಿದರು. "ಅಳಿಯಂದಿರೇ, ಎದ್ದು ನಿಂತು ಉತ್ತರ ಹೇಳಿ."

ಎದ್ದೆ. ಸಭೆಯೆಲ್ಲ ನನ್ನನ್ನೇ ನೋಡುತ್ತಿತ್ತು. ಬಾಗಿಲ ಬಳಿ ನಿಂತಿದ್ದ ಬದಲಾಯ್ಸಿಯ ಕಡೆ ನೋಡಿದೆ. ಆತ ಚಾವಣಿ ನೋಡಿದ.

"ಗೊತ್ತಿಲ್ಲ ಮಿಸ್" ಎಂದೆ.

"ಹಾಗಾದ್ರೆ ಗೊತ್ತಾಗೋವರೆಗೂ ನಿಂತೇ ಇರಿ" ಎಂದರು ಅತ್ತೆ.

ಬಹುಮಾನ ಹಂಚಿದರು, ವಂದನಾರ್ಪಣೆ ಮಾಡಿದರು, ಕುರ್ಚಿಗಳನ್ನೆಲ್ಲ ಎತ್ತಿಟ್ಟರು. ನಾನು ನಿಂತೇ ಇದ್ದೆ.