ಒಂದು ಗೋಡೆ, ಏಳು ಪಿಂಗಾಣಿ ಫಲಕ

ಕೆಲವರ ಹಿಂದೆ ಬೀದಿನಾಯಿ ಬೀಳುತ್ತದೆ, ಕೆಲವರ ಹಿಂದೆ ನೆಂಟರು. ನನ್ನ ಹಿಂದೆ ಬಿದ್ದದ್ದು ಪಿಂಗಾಣಿ.

ಏಳನೇ ಕ್ಲಾಸಿಗೆ ಚೀಲ ಬಿಸಾಡಿ ಕುಂದಾಪುರ ಬಿಟ್ಟವನು ನಾನು. ಮುಂಬೈ, ದುಬೈ, ಒಂದು ಹಡಗಿನ ಅಡಿಗೆಮನೆ, ಎಲ್ಲ ಸುತ್ತಿ ಲಂಡನ್ನಿನ ಹೇಸ್‌ನಲ್ಲಿ ಬಾಡಿಗೆ ಮನೆ ಹಿಡಿದದ್ದು ತೊಂಬತ್ತರ ದಶಕದಲ್ಲಿ. ಆಮೇಲೂ ಕೆಲಸ ವರ್ಷಕ್ಕೊಂದು ಬದಲಾಯಿತು, ಈ ಹುಚ್ಚು ಮಾತ್ರ ಬಿಡಲಿಲ್ಲ. ಹಳೆಯ ಇಂಗ್ಲಿಷ್ ಲಸ್ಟರ್ ಫಲಕಗಳ ಹುಚ್ಚು. ಊಟದ ತಟ್ಟೆಯಷ್ಟು ದೊಡ್ಡ ಪಿಂಗಾಣಿ, ತೂಗುಹಾಕಲು ಎರಡು ತೂತು, ಅಂಚಿಗೆ ತಾಮ್ರದಂತೆ ಹೊಳೆಯುವ ತೆಳು ಲೇಪ, ಒಳಗೆ ಗುಲಾಬಿ ಬಣ್ಣದ ಚಿಮುಕು, ನಡುವೆ ಒಂದು ಹಡಗು, ಇಲ್ಲವೇ ದೇವರ ಮಾತು. ಹಿಂದೆಲ್ಲ ನಾವಿಕರ ಮನೆಗಳಲ್ಲಿ ತೂಗುತ್ತಿದ್ದವಂತೆ. ಎಲ್ಲೂ ನಿಲ್ಲದ ನನ್ನ ಕಾಲು ಆ ಹಡಗು ಕಂಡರೆ ನಿಂತುಬಿಡುತ್ತಿತ್ತು.

ಮನೆಯಲ್ಲಿ ಇದ್ದ ಒಳ್ಳೆಯ ಗೋಡೆ ಒಂದೇ. ಹೆಂಡತಿಗೆ ಅಲ್ಲಿ ನಮ್ಮ ಮದುವೆ ಫೋಟೋ ಬೇಕು, ನನಗೆ ಫಲಕ ಬೇಕು. ಕೊನೆಗೆ ಅವಳೇ ತೀರ್ಪು ಕೊಟ್ಟಳು: "ಒಂದಾದ್ರೂ ಅಸಲಿ ಅಂತ ತಿಳಿದವರ ಬಾಯಲ್ಲಿ ಹೇಳ್ಸಿ, ಗೋಡೆ ನಿಮ್ದು. ಅಲ್ಲಿವರೆಗೆ ಫೋಟೋ ಕಪಾಟಲ್ಲಿ, ನಿಮ್ಮ ತಟ್ಟೆಗಳು ಮಂಚದಡಿ."

ಬೆನ್ನು ನೋಡುವ ಚಟ

ಭಾನುವಾರಗಳಲ್ಲಿ ಜನ ಕಾರಿನ ಡಿಕ್ಕಿ ತೆರೆದು ಮನೆಯ ಹಳೆ ಸಾಮಾನು ಮಾರುವ ಸಂತೆಯೊಂದಿತ್ತು. ಪಿಂಗಾಣಿಯಲ್ಲೇ ಕೂದಲು ಹಣ್ಣಾದ ಒಬ್ಬ ಇಂಗ್ಲಿಷ್ ಅಜ್ಜಿ ಅಲ್ಲಿ ನನಗೆ ಗುರು. "ಮುಖ ನೋಡಿ ಮರುಳಾಗಬೇಡ, ಮೊದಲು ತಿರುಗಿಸು. ಮಣ್ಣು ಹಸಿಯಿದ್ದಾಗ ಒತ್ತಿದ ಮುದ್ರೆ ಬೆನ್ನಲ್ಲಿರುತ್ತೆ" ಎಂದಿದ್ದರು. ಶಾಲೆಯಲ್ಲಿ ಕಲಿಯದವನು ಈ ಪಾಠ ಮಾತ್ರ ಚೆನ್ನಾಗಿಯೇ ಕಲಿತೆ. ಯಾವ ತಟ್ಟೆ ಕಂಡರೂ ಕೈ ತಾನಾಗಿ ತಿರುಗಿಸುತ್ತಿತ್ತು.

ಕ್ಯಾನರಿ ವಾರ್ಫ್‌ನಲ್ಲಿ ಬೆಂಗಳೂರಿನ ಬ್ಯಾಂಕಿನವರೊಬ್ಬರ ಫ್ಲ್ಯಾಟಿನಲ್ಲಿ ಸತ್ಯನಾರಾಯಣ ಪೂಜೆ. ಮನೆಯಾಕೆ ನೀಲಿ ಹೂವಿನ ಹಳೆ ತಟ್ಟೆಯಲ್ಲಿ ಸಜ್ಜಿಗೆ ಪ್ರಸಾದ ಕೊಟ್ಟರು. ನಾನು ಕಣ್ಣಿಗೊತ್ತಿಕೊಂಡೆ, ತಿರುಗಿಸಿದೆ. ಪ್ರಸಾದವೆಲ್ಲ ಬಿಳಿ ಕಾರ್ಪೆಟ್ಟಿನ ಮೇಲೆ.

ದಕ್ಷಿಣೆ ಎಣಿಸುತ್ತಿದ್ದ ಪುರೋಹಿತರೂ ಕತ್ತೆತ್ತಿದರು. ಮನೆಯಾಕೆ ಗಾಬರಿಯಿಂದ, "ಏನಾಯ್ತು ಸರ್, ಕೂದಲು ಗೀದಲು ಸಿಕ್ತಾ?" ಎಂದರು.

ನನ್ನ ಹೆಂಡತಿ ಬಗ್ಗಿ ಸಜ್ಜಿಗೆ ಬಳಿಯುತ್ತ ಹೇಳಿದಳು: "ಇಲ್ಲ ಅಕ್ಕ, ತಟ್ಟೆಗೆ ಎಷ್ಟು ವಯಸ್ಸು ಅಂತ ನೋಡಿದ್ರು. ಹೆಣ್ಣು ನೋಡ್ಲಿಕ್ಕೆ ಬಂದ ದಿನ ನನ್ನನ್ನ ಹೀಗೆ ತಿರುಗಿಸಿ ನೋಡ್ಲಿಲ್ಲ, ಪುಣ್ಯ."

ಬಜ್ಜಿಯ ಮೇಲೆ ದೇವರು

ಆಗ ನಾನು ರೇನರ್ಸ್ ಲೇನ್‌ನ ಒಂದು ಹೋಟೆಲಿನಲ್ಲಿ ಬಜ್ಜಿ ಕರಿಯುತ್ತಿದ್ದೆ. ಯಜಮಾನರು ನಮ್ಮೂರಿನವರೇ. ಅಂಚು ಚೂರು ಒಡೆದ ಒಂದು ಫಲಕವನ್ನು ಅಲ್ಲೇ ತೂಗುಹಾಕಿದೆ. ಬೆನ್ನಲ್ಲಿ ಮುದ್ರೆ ಇಲ್ಲ, ಹಾಗಾಗಿ ನಕಲಿಯೆಂದು ಅಜ್ಜಿಗೂ ತೋರಿಸಿರಲಿಲ್ಲ. ದೇವರು ಎಂಬ ಶಬ್ದ ಅದರಲ್ಲಿ ದೊಡ್ಡದಾಗಿತ್ತು, ಉಳಿದ ಇಂಗ್ಲಿಷ್ ಓದುವ ಗೋಜಿಗೆ ನಾನು ಹೋಗಲಿಲ್ಲ. "ದೇವ್ರ ವಿಷ್ಯ ಅಲ್ದಾ, ಇರ್ಲಿ" ಎಂದು ಯಜಮಾನರು ದಿನಾ ಊದುಬತ್ತಿ ಹಚ್ಚಿದರು.

ಒಂದು ದಿನ ಮೆಣಸಿನಕಾಯಿ ಬಜ್ಜಿ ಹೇಳಿದ ಇಂಗ್ಲಿಷ್ ಗಿರಾಕಿ ಗೋಡೆ ನೋಡಿ ಕೇಳಿದ: "ಆ ಎಚ್ಚರಿಕೆ ಎಲ್ಲ ತಿಂಡಿಗೋ, ಬಜ್ಜಿಗೆ ಮಾತ್ರವೋ?"

ಓದಿಸಿ ನೋಡಿದರೆ, ನಿನ್ನ ದೇವರನ್ನು ಕಾಣಲು ತಯಾರಾಗು ಎಂದು ಬರೆದಿದೆ.

"ತೆಗಿ ಮಾರಾಯ, ಮೊದ್ಲು ತೆಗಿ!" ಎಂದು ಯಜಮಾನರೇ ಕುರ್ಚಿ ಹತ್ತಿದರು.

ಮುಂದಿನ ವಾರ ಅದೇ ಗಿರಾಕಿ ಬಂದ. ಖಾಲಿ ಗೋಡೆ ನೋಡಿದ, ಒಂದು ಬಜ್ಜಿ ಕಚ್ಚಿದ, ಬೇಸರದಿಂದ ಹೇಳಿದ: "ಖಾರ ಕಡಿಮೆ ಮಾಡಿಬಿಟ್ಟಿರಿ."

ಆ ಫಲಕಕ್ಕೆ ಮಂಚದಡಿಯಲ್ಲೂ ಜಾಗವಿರಲಿಲ್ಲ. ಹೆಂಡತಿ ಅದನ್ನು ದೋಸೆ ಹಿಟ್ಟಿನ ಪಾತ್ರೆಗೆ ಮುಚ್ಚಿದಳು. "ಎರಡು ತೂತು ಇದ್ದದ್ದು ಒಳ್ಳೇದಾಯ್ತು, ಹಿಟ್ಟಿಗೆ ಉಸಿರಾಡ್ಲಿಕ್ಕೆ."

ಹುಣಸೆಹುಳಿಯ ತೀರ್ಪು

ಏಳನೆಯದು ಸಿಕ್ಕಿದಾಗ ನಾನು ಗೆದ್ದೆನೆಂದೇ ತಿಳಿದೆ. ಹಾಯಿ ಬಿಚ್ಚಿದ ಹಡಗು, ಬೆನ್ನಲ್ಲಿ ರೂಪಾಯಿಯಷ್ಟಗಲದ ಮುದ್ರೆ. ದೀಪಾವಳಿಯ ದಿನ ಚಹಾಕ್ಕೆ ಬಂದು ನೋಡಿ ಹೇಳುವಂತೆ ಅಜ್ಜಿಯನ್ನು ಕರೆದೆ. ಗೋಡೆಗೆ ಮೊಳೆಯನ್ನೂ ಹೊಡೆದೆ.

ಹಬ್ಬದ ಬೆಳಿಗ್ಗೆ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅಡಿಗೆಮನೆಯಿಂದ ಹೆಂಡತಿಯ ಕೂಗು: "ಹ್ವಾಯ್, ಇಲ್ಲ್ ಕಾಣಿ, ನಿಮ್ಮ ತಾಮ್ರ ಎಂತ ಬಣ್ಣ ಬಿಡ್ತಿತ್ತ್ ಮಾರಾಯ್ರೆ!"

ಹಬ್ಬಕ್ಕೆಂದು ದೀಪ, ತಂಬಿಗೆ, ಹರಿವಾಣ ಎಲ್ಲ ಹುಣಸೆಹುಳಿ ಹಾಕಿ ತಿಕ್ಕಿದವಳು, ತಾಮ್ರದಂಚಿನ ತಟ್ಟೆಗಳೂ ಪಾಪ ಕಪ್ಪಾಗಿವೆಯೆಂದು ಏಳನ್ನೂ ತಿಕ್ಕಿದ್ದಳು. ಹಡಗಿನ ಫಲಕದ ಅಂಚು ಬೋಳು ಬಿಳಿ. ನಾನು ತಲೆಯ ಮೇಲೆ ಕೈಹೊತ್ತು ಕೂತಾಗಲೇ ಅಜ್ಜಿ ಬಂದರು.

ಹುಣಸೆಹುಳಿ ಎಂದರೇನೆಂದು ತಿಳಿದ ಮೇಲೆ ಅವರೂ ಕುರ್ಚಿ ಹುಡುಕಿದರು. ಸಾವರಿಸಿಕೊಂಡು ಒಂದೊಂದೇ ನೋಡಿದರು. "ಬೆಂಕಿಯಲ್ಲಿ ಬೆಂದ ಲೇಪ ಒಂದು ಸಲಕ್ಕೆ ಹೀಗೆ ತೊಳೆದುಹೋಗಲ್ಲ. ಇದು ಮೇಲಿಂದ ಬಳಿದ ಬಣ್ಣ. ಇಲ್ಲಿರುವ ಆರೂ ನಕಲಿ, ಆ ಮುದ್ರೆಯೂ."

ಅಷ್ಟರಲ್ಲಿ ಹೆಂಡತಿ ದೋಸೆ ಹೊಯ್ಯಲು ಪಾತ್ರೆಯ ಮುಚ್ಚಳ ತೆಗೆದಳು. ಅಜ್ಜಿ ಅದನ್ನು ಕಸಿದುಕೊಂಡೇಬಿಟ್ಟರು. ಹುಳಿ ಹಾಕಿ ತಿಕ್ಕಿದ ಮೇಲೂ ಅಂಚು ಫಳಫಳ ಹೊಳೆಯುತ್ತಿತ್ತು. ತಿರುಗಿಸಿ, ಹಿಟ್ಟು ಒರೆಸಿ, ಮೂಸಿದರು.

"ಇದು ಅಸಲಿ. ಹುಳಿ ವಾಸನೆ ಯಾಕೆ?"

"ಮುದ್ರೆಯೇ ಇಲ್ಲವಲ್ಲ!" ಎಂದೆ.

"ಎಲ್ಲ ಅಸಲಿಗೂ ಮುದ್ರೆ ಇರಲ್ಲಪ್ಪ."

ನಾನು ಮೊಳೆಯ ಕಡೆ ಓಡಿದೆ. ಹೆಂಡತಿ ಅಡ್ಡ ನಿಂತಳು: "ಮಾತು ಮಾತೇ, ಗೋಡೆ ನಿಮ್ದು. ಮುಚ್ಚಳ ನಂದು."

ದೋಸೆ ತಟ್ಟೆಗೆ ಬಿದ್ದರೂ ವಾದ ಮುಗಿಯಲಿಲ್ಲ. ನ್ಯಾಯಕ್ಕೆ ಅಜ್ಜಿಯ ಮುಖ ನೋಡಿದೆ. ಅವರು ಮೂರನೇ ದೋಸೆಯಲ್ಲಿದ್ದರು. ಚಟ್ನಿ ಬಳಿದುಕೊಂಡು ಹೇಳಿದರು: "ಹಳೆಯ ವಸ್ತುವನ್ನು ಒಗ್ಗಿದ ಜಾಗದಿಂದ ಕದಲಿಸಬಾರದು."

ಮೂರು ದಿನ ಬರಿ ಮೊಳೆ ನೋಡಿದೆ. ನಾಲ್ಕನೇ ದಿನ ಕಪಾಟಿನಿಂದ ಮದುವೆ ಫೋಟೋ ತಂದು ನಾನೇ ತೂಗುಹಾಕಿದೆ. ಹೆಂಡತಿ ಕೈ ಒರೆಸಿಕೊಂಡು ಬಂದಳು. ಫೋಟೋ ಇಳಿಸಿದಳು, ತಿರುಗಿಸಿದಳು, ಬೆನ್ನನ್ನು ನಿಧಾನವಾಗಿ ನೋಡಿದಳು.

"ಮುದ್ರೆ ಇಲ್ಲ" ಅಂದಳು. "ಆದ್ರೂ ಅಸಲಿಯೇ. ಹಾಕಿ."