ದ್ರಾಕ್ಷಿ ತೋಟಕ್ಕೆ, ತ್ರ್ಯಂಬಕದ ಮೇಲಿಂದ

ಡೊಂಬಿವಲಿ ಪೂರ್ವ,
ಫೆಬ್ರವರಿ ೨೦೧೪

ಇಲ್ಲಿನ ಸಮಸ್ತ ಕನ್ನಡಿಗರ ಸಾರಥಿಗಳೂ, ಬಿಳಿಯ ಏಳು ಸೀಟಿನ ಗಾಡಿಯ ಒಡೆಯರೂ, ಹಾರ್ನ್‌ನಲ್ಲೇ ಮಂಗಳಾರತಿ ಮುಗಿಸಬಲ್ಲವರೂ ಆದ ಶ್ರೀ ಜಯಶೀಲ ಅವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಕ್ಷೇಮವನ್ನು ನಾನು ವಿಚಾರಿಸಬೇಕಾಗಿಲ್ಲ. ಕಳೆದ ಭಾನುವಾರದಿಂದ ತಾವು ರಿಕ್ಷಾ ಸ್ಟ್ಯಾಂಡಿನಲ್ಲೂ, ಕನ್ನಡ ಸಂಘದ ಮೆಟ್ಟಿಲ ಮೇಲೂ, ನಮ್ಮ ಬಿಲ್ಡಿಂಗಿನ ವಾಚ್‌ಮನ್ ಎದುರಿಗೂ ಒಂದೇ ಕತೆಯನ್ನು ಭಾರೀ ಹುರುಪಿನಿಂದ ಹೇಳುತ್ತಿದ್ದೀರೆಂದು ದಿನಕ್ಕೆರಡು ವರದಿ ಬರುತ್ತಿದೆ. ಆ ಕತೆಯಲ್ಲಿ ಪ್ರಶ್ನೆ ಕೇಳಿದ ಕೂಡಲೇ ಬಾಯಿಗೆ ಬೀಗ ಬೀಳುವ ಹುಡುಗಿ ನಾನೇ ಆದ್ದರಿಂದ, ನನ್ನ ಕಡೆಯ ಕತೆಯನ್ನೂ ಸಂಘದ ಪತ್ರಿಕೆಯಲ್ಲಿ ನಾಲ್ಕು ಜನ ಓದಲಿ ಎಂದು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ಐದನೇ ಕ್ಲಾಸಿನಿಂದ ಪಂಚಗಣಿಯ ಹಾಸ್ಟೆಲಿನಲ್ಲಿ ಬೆಳೆದವಳ ಕನ್ನಡ ಇದು, ತಪ್ಪಿದ್ದರೆ ತಿದ್ದಿಕೊಳ್ಳಿ. ತಾವು ನನ್ನ ಪ್ಲಾನನ್ನು ತಿದ್ದಿದಷ್ಟು ತಿದ್ದಲು ಇದರಲ್ಲಿ ಹೇಗೂ ಜಾಗವಿಲ್ಲ.

ಓದುಗರಿಗೆ ಮೊದಲು ವಿಷಯ ತಿಳಿಯಲಿ. ನಾನು ನವಿ ಮುಂಬಯಿಯಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟಿನ ಮೊದಲ ವರ್ಷದಲ್ಲಿದ್ದೇನೆ. ನಾಸಿಕ್ ಕಡೆಯ ಒಂದು ವೈನ್ ತೋಟದವರು ನಮ್ಮ ಕ್ಲಾಸಿನಿಂದ ಒಬ್ಬರನ್ನು, ಒಬ್ಬರನ್ನೇ, ಬೇಸಿಗೆ ರಜೆಯ ತರಬೇತಿಗೆ ತೆಗೆದುಕೊಳ್ಳುತ್ತಾರೆ. ಅದಕ್ಕೆ ಒಂದೇ ದಿನದಲ್ಲಿ ಮೂರು ತೋಟ ನೋಡಿ, ಹಾಳೆಯ ಮೇಲೆ ಪ್ರತಿ ತೋಟದ ಸೀಲ್ ಹಾಕಿಸಿ, ಮಧ್ಯಾಹ್ನ ಮೂರಕ್ಕೆ ಕೊನೆಯ ತೋಟದ ಜ್ಯೋತ್ಸ್ನಾ ಮೇಡಂ ಎದುರು ನಿಲ್ಲಬೇಕು. ಆ ಜಾಗ ಸಿಗದಿದ್ದರೆ ರಜೆಯಿಡೀ ಕಲ್ಯಾಣದಲ್ಲಿ ಮಾವನ ಹೋಟೆಲಿನ ಕೌಂಟರಿನ ಹಿಂದೆ ಕೂತು ಇಡ್ಲಿ ಕೂಪನ್ ಹರಿಯಬೇಕು, ಜೊತೆಗೆ ಬಂದವರೆಲ್ಲ "ಎಷ್ಟು ಬೆಳ್ದಿದ್ದಾಳಲ್ಲ, ಹುಡುಗ ನೋಡ್ತಾ ಇದ್ದೀರಾ" ಎನ್ನುವುದನ್ನು ಕೇಳಬೇಕು. ಹೀಗಾಗಿ ನಾನು ಮೂರು ರಾತ್ರಿ ನಿದ್ದೆಗೆಟ್ಟು ಟೈಮ್‌ಟೇಬಲ್ ಮಾಡಿದೆ. ಐದಕ್ಕೆ ಮನೆ ಬಿಡುವುದು, ಏಳೂಕಾಲಿಗೆ ಕಸಾರಾ ಘಾಟ್, ಒಂಬತ್ತೂವರೆಗೆ ಮೊದಲ ತೋಟ. ಟಾಯ್ಲೆಟ್ಟಿಗೆ ಆರು ನಿಮಿಷ ಬರೆದು, ಪಾಪವೆನಿಸಿ ಎಂಟು ಮಾಡಿದೆ. ಲ್ಯಾಮಿನೇಟ್ ಮಾಡಿಸಿ ತಮ್ಮ ಕೈಗೆ ಕೊಟ್ಟೆ. ಅದೇ ಹಾಳೆಯಿಂದ ತಾವು ಘಾಟಿನಲ್ಲಿ ಗಾಳಿ ಬೀಸಿಕೊಂಡಿರಿ. ವಸ್ತು ವ್ಯರ್ಥವಾಗಲಿಲ್ಲವೆಂಬ ತೃಪ್ತಿ ನನಗಿದೆ.

ಐದಕ್ಕೆ ಬರಬೇಕಾದ ಗಾಡಿ ಆರೂ ಹತ್ತಕ್ಕೆ ಬಂದಾಗ ಅದರಲ್ಲಿ ಆಗಲೇ ಇಬ್ಬರಿದ್ದರು. ಮುಂದಿನ ಸೀಟಿನಲ್ಲಿ ರೈಲ್ವೆಯಿಂದ ರಿಟೈರ್ ಆದ ಧಾರವಾಡದ ಮಹಾದೇವಪ್ಪನವರು, ಮೊಣಕಾಲಿನ ಕಾರಣಕ್ಕೆ. ನಡುವಿನ ಸೀಟಿನಲ್ಲಿ, ಮೂವತ್ತು ವರ್ಷದಿಂದ ನಮ್ಮ ಓಣಿಗೆಲ್ಲ ಇಡ್ಲಿ ಹಿಟ್ಟು ರುಬ್ಬಿ ಕೊಡುವ ಜಲಜಾಕ್ಷಿ ಚಿಕ್ಕಮ್ಮ, ಮಡಿಲಲ್ಲಿ ಸ್ಟೀಲಿನ ಡಬ್ಬಿ. ಗಾಡಿ ಇಡೀ ದಿನಕ್ಕೆ ಗೊತ್ತು ಮಾಡಿದವಳು ನಾನಲ್ಲವೇ ಎಂಬ ಬಡ ಪ್ರಶ್ನೆಗೆ ತಾವು ನೀಡಿದ ಉತ್ತರವನ್ನು ಕಾಲೇಜಿನ ಗೋಡೆಗೆ ಹಾಕಿಸಬೇಕೆಂದಿದ್ದೇನೆ: "ಏಳು ಸೀಟಿನ ಗಾಡಿಯಲ್ಲಿ ಒಬ್ಬಳೇ ಕೂತು ನಾಸಿಕ್‌ಗೆ ಹೋಗುವುದೆಂದರೆ ಎಂತ ಮಗಾ, ಆ ಡೀಸೆಲ್‌ಗೆ ಬೇಜಾರಾಗುದಿಲ್ವಾ?" ಡೀಸೆಲ್ಲಿನ ಮನಸ್ಸನ್ನು ಇಷ್ಟು ಹತ್ತಿರದಿಂದ ಬಲ್ಲವರು ಪ್ರಪಂಚದಲ್ಲಿ ತಾವೊಬ್ಬರೇ ಇರಬೇಕು. ಹಿರಿಯರನ್ನು ಇಳಿಯಿರಿ ಎನ್ನುವ ವಿದ್ಯೆಯನ್ನು ಪಂಚಗಣಿಯಲ್ಲಿ ಕಲಿಸಿರಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಸ್ಟೆಪ್ನಿಯ ಪಕ್ಕ ಕೂತೆ.

ಶಹಾಪುರದಲ್ಲಿ ಚಹಾ ಆಯಿತು. ಘಾಟ್ ಹತ್ತಿದ ಮೇಲೆ ಘಾಟನ್‌ದೇವಿಗೆ ಕಾಯಿ ಒಡೆಯದೆ ತಮ್ಮ ಗೇರು ಬೀಳುವುದಿಲ್ಲವೆಂದು ತಿಳಿಯಿತು. ಅಲ್ಲಿ ಚಿಕ್ಕಮ್ಮನ ಡಬ್ಬಿಯಲ್ಲಿದ್ದ ಪುಂಡಿ ಎಂಬ ಅಕ್ಕಿ ಉಂಡೆಗಳು ಖಾಲಿಯಾದವು; ರುಚಿಯಾಗಿದ್ದವೆಂಬುದನ್ನು ಈ ದೂರಿನಲ್ಲಿ ಸೇರಿಸುವುದಿಲ್ಲ. ಆಮೇಲೆ ಗಾಡಿ ತೋಟದ ದಾರಿ ಬಿಟ್ಟು ತ್ರ್ಯಂಬಕದ ಕಡೆ ತಿರುಗಿತು. ನಾನು ಟೈಮ್‌ಟೇಬಲ್ ಎತ್ತಿ ಹಿಡಿದೆ. ಮಹಾದೇವಪ್ಪನವರು ಕತ್ತು ತಿರುಗಿಸದೆಯೇ "ಇಷ್ಟ ದೂರ ಬಂದ ಮ್ಯಾಲ ಅಂವಗ ಮುಖಾ ತೋರಿಸದ ಹೋದ್ರ ಏನ ಅಂದಾನವ್ವಾ" ಎಂದರು. ತಾವು "ಹೌದು ಮಾರಾಯ್ರೆ, ದ್ರಾಕ್ಷಿ ಎಲ್ಲಿಗೆ ಓಡಿ ಹೋಗ್ತದೆ" ಎಂದಿರಿ. ದೇವಸ್ಥಾನದ ಭಾನುವಾರದ ಆ ಕ್ಯೂನಲ್ಲಿ ಎರಡೂವರೆ ಗಂಟೆ ನಿಂತು ನಾನು ಕೇಳಿಕೊಂಡದ್ದು ಒಂದೇ ವರ, ಮೂರು ಗಂಟೆ ಸ್ವಲ್ಪ ತಡವಾಗಿ ಆಗಲಿ ಎಂದು.

ಮೊದಲ ತೋಟ ಒಂದೂಕಾಲಿಗೆ ಸಿಕ್ಕಿತು. ಲೋಕದಲ್ಲಿ ಜನ ವೈನ್ ತೋಟಕ್ಕೆ ಡ್ರೈವರನ್ನು ಕರೆದೊಯ್ಯುವುದು ಹಿಂದೆ ಕೂತವರು ನಿಶ್ಚಿಂತೆಯಿಂದ ರುಚಿ ನೋಡಲಿ ಎಂದು. ನಮ್ಮಲ್ಲಿ ನನಗೆ ಹದಿನೆಂಟು, ಇಲ್ಲಿನ ಕಾನೂನಿನಂತೆ ಒಂದು ಹನಿಗೂ ಅರ್ಹತೆಯಿಲ್ಲ. ತಾವು ಸ್ಟಿಯರಿಂಗ್ ಹಿಡಿದವರು, ಮುಟ್ಟಲಿಲ್ಲ. ಇದು ಅಣಕವಲ್ಲ, ನಿಜವಾದ ಹೊಗಳಿಕೆ, ಕತ್ತರಿಸಿ ಇಟ್ಟುಕೊಳ್ಳಿ. ಪ್ರಸಾದದ ಕೈಯಲ್ಲೇ ಗ್ಲಾಸು ಹಿಡಿದ ಮಹಾದೇವಪ್ಪನವರು ಮಾತ್ರ "ಕೆಮ್ಮಿನ ಔಷಧ ಇದ್ದಾಂಗ ಐತಿ" ಎಂದು ಮುಖ ಸಿಂಡರಿಸಿ, ಕೆಮ್ಮು ಹಳೆಯದೆಂದು ಇನ್ನೊಂದು ಕೇಳಿದರು. ಚಿಕ್ಕಮ್ಮ ಗ್ಲಾಸು ಮೂಸಿ ಕೆಳಗಿಟ್ಟು, "ಹುಳಿ ಬರಿಸುದು ಪಾಪ ಅಲ್ಲ ಬಾಲೆ, ಕುಡಿಯುದು ಬೇರೆ ವಿಷಯ" ಎಂದು ನನ್ನ ಕೋರ್ಸಿಗೆ ಮಾನ್ಯತೆ ಕೊಟ್ಟರು.

ಎರಡನೆಯ ತೋಟದ ಬಗ್ಗೆ ಬರೆಯಲು ನನ್ನ ಪೆನ್ ಹಿಂಜರಿಯುತ್ತದೆ. ಟೈಮಿಲ್ಲ, ಸೀಲ್ ತಾನೇ ಬೇಕಾದ್ದು ಎಂದು ತಾವು ನನ್ನ ಹಾಳೆ ಕಿತ್ತುಕೊಂಡು ಇಳಿದು, ಗೇಟಿನ ಸೆಕ್ಯುರಿಟಿಯವರೊಂದಿಗೆ ಎರಡು ನಿಮಿಷ ಮರಾಠಿಯಲ್ಲಿ ನಕ್ಕು, ಸೀಲ್ ಹಾಕಿಸಿಕೊಂಡು ವಿಜಯಿಯಂತೆ ಮರಳಿದಿರಿ. ಅದರಲ್ಲಿ 'ವಾಹನ ತಪಾಸಣೆ ಪೂರ್ಣ' ಎಂದಿದೆ. ನಮ್ಮ ಪ್ರೊಫೆಸರು ಅದನ್ನು ಕನ್ನಡಕ ಏರಿಸಿ ಓದಿ, ನನ್ನ ಟೈರುಗಳಲ್ಲಿ ಗಾಳಿ ಸರಿಯಿದೆಯೇ ಎಂದು ಎಲ್ಲರ ಎದುರು ಕೇಳಿದರು.

ಮೂರನೆಯ ತೋಟ ಮುಟ್ಟಿದಾಗ ನಾಲ್ಕೂ ಇಪ್ಪತ್ತೈದು. ಜ್ಯೋತ್ಸ್ನಾ ಮೇಡಂ ಬ್ಯಾಗ್ ಹೆಗಲಿಗೇರಿಸಿದ್ದರು. ಆದರೂ ನಿಂತು, ಆಳೆತ್ತರದ ಸ್ಟೀಲ್ ಟ್ಯಾಂಕಿನ ಎದುರು, ಒಳಗೆ ರಸ ಹುದುಗುವುದು ಮುಗಿದಿದೆಯೋ ಇಲ್ಲವೋ ಹೇಗೆ ತಿಳಿಯುತ್ತೀ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಉತ್ತರ ನನಗೆ ಪೇಜ್ ನಂಬರ್ ಸಮೇತ ಬರುತ್ತಿತ್ತು. ಆ ಕ್ಷಣದಲ್ಲಿ ಪೇಜ್ ನಂಬರ್ ಮಾತ್ರ ಬಂತು. ಆಗ ಜಲಜಾಕ್ಷಿ ಚಿಕ್ಕಮ್ಮ, ಯಾರೂ ಕೇಳದೆಯೇ, ಸೆರಗು ಸೊಂಟಕ್ಕೆ ಸಿಕ್ಕಿಸಿ ಟ್ಯಾಂಕಿಗೆ ಕಿವಿ ಹಚ್ಚಿದರು. ಹಿಟ್ಟು ಹುಳಿ ಬರುವಾಗ ಮಾತಾಡುತ್ತದೆ, ಮುಗಿದ ಮೇಲೆ ಸುಮ್ಮನಾಗುತ್ತದೆ, ಇದು ಇನ್ನೂ ಪಿಸುಗುಟ್ಟುತ್ತಿದೆ, ಎರಡು ದಿನ ಉಂಟು ಎಂದು ಮುರುಕು ಹಿಂದಿಯಲ್ಲಿ ತೀರ್ಪಿತ್ತರು. ಮೇಡಂ ಟ್ಯಾಂಕಿಗೆ ತೂಗುಹಾಕಿದ್ದ ಚೀಟಿ ನೋಡಿದರು. ಚೀಟಿಯೂ ಎರಡು ದಿನ ಎನ್ನುತ್ತಿತ್ತು. ಮೇಡಂ ಬ್ಯಾಗ್ ಕೆಳಗಿಟ್ಟು ಮುಕ್ಕಾಲು ಗಂಟೆ ಮಾತಾಡಿದರು, ನನ್ನೊಂದಿಗಲ್ಲ.

ಹೊರಡುವಾಗ ಅವರು ನನಗೆ ಹೇಳಿದ್ದಿಷ್ಟು: ಮುಂದಿನ ಭಾನುವಾರ ಮತ್ತೆ ಬಾ, ಎರಡನೆಯ ತೋಟದ ಸರಿಯಾದ ಸೀಲ್ ತಾ, ಆಂಟಿಯನ್ನೂ ಕರೆದುಕೊಂಡು ಬಾ; ಆದರೆ ಪ್ರಶ್ನೆ ನಿನಗೆ, ಕಿವಿಯೂ ನಿನ್ನದೇ. ಜಾಗ ಅಲ್ಲಿಯವರೆಗೆ ಖಾಲಿ ಇಡುತ್ತಾರಂತೆ. ವಾರವಿಡೀ ನಾನು ಚಿಕ್ಕಮ್ಮನ ಅಡುಗೆಮನೆಯಲ್ಲಿ ಹಿಟ್ಟಿನ ಪಾತ್ರೆಗೆ ಕಿವಿಯಿಟ್ಟು ಕೂರುತ್ತಿದ್ದೇನೆ. ನಿನ್ನೆ ಮೊದಲ ಸಲ ಏನೋ ಕೇಳಿಸಿತು.

ಈಗ ಕೋರಿಕೆಗಳು. ತ್ರ್ಯಂಬಕೇಶ್ವರನನ್ನು ತಾವು ಬಲ್ಲವರ ಮೂಲಕ ದಿವಾ ಸ್ಟೇಷನ್ನಿಗೆ ಸ್ಥಳಾಂತರಿಸಿಕೊಡಬೇಕು. ಅಲ್ಲಿ ಲೋಕಲ್ ರೈಲಿಗೆ ಕಾದು ಜನ ಹೇಗೂ ನಿಂತೇ ಇರುತ್ತಾರೆ, ದರ್ಶನವೂ ಆಗಿಹೋಗಲಿ. ಡೀಸೆಲ್‌ಗೆ ಬೇಜಾರಾದರೆ ತಾವು ಅದಕ್ಕೆ ಹಾಡು ಹೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, "ಮೂರಕ್ಕೇ ಮುಟ್ಟಿಸಿದ್ರೆ ಪಾಪ ಒಬ್ಬಳೇ ನಿಂತು ಬೆಬ್ಬೆಬ್ಬೆ ಅಂತಿದ್ಳು, ಲೇಟ್ ಮಾಡಿದ್ದು ನಾನು, ಸೀಟು ತುಂಬಿಸಿದ್ದೂ ನಾನು" ಎಂದು ತಾವು ಊರೆಲ್ಲ ಹೇಳುತ್ತಿರುವುದನ್ನು ನಿಲ್ಲಿಸಬೇಕು. ಅದು ಸುಳ್ಳಾಗಿದ್ದರೆ ನಾನು ಇಷ್ಟುದ್ದ ಪತ್ರ ಬರೆಯುತ್ತಿರಲಿಲ್ಲ.

ಸ್ಟೆಪ್ನಿಯ ಪಕ್ಕದ ಸೀಟಿನಿಂದ,
ತಮ್ಮ ವಿಶ್ವಾಸಿ,
ಅನುಷ್ಕಾ

ಮರೆತ ಮಾತು: ಭಾನುವಾರಕ್ಕೂ ಗಾಡಿ ತಮ್ಮದೇ, ಬೇರೆಯವರ ಗಾಡಿಯಲ್ಲಿ ಕಳಿಸಲು ಅಮ್ಮ ಒಪ್ಪಲಿಲ್ಲ. ಮಹಾದೇವಪ್ಪನವರ ಕೆಮ್ಮು ಮತ್ತೆ ಜೋರಾಗಿದೆಯೆಂದು ಕೇಳಿದೆ, ಅವರಿಗೂ ಸೀಟಿದೆ. ಮೇಡಂ ಬರಹೇಳಿದ ಟೈಮ್ ಎಷ್ಟೆಂದು ತಮಗೆ ತಿಳಿಸಲಾಗಿದೆ. ಅವರು ನಿಜವಾಗಿ ಹೇಳಿದ ಟೈಮ್ ಎಷ್ಟೆಂಬುದು ನನಗೂ ಚಿಕ್ಕಮ್ಮನಿಗೂ ಮಾತ್ರ ಗೊತ್ತು.